ಏರಿಯ ಮೇಲಿನ ಸಮಿತಿ

ಬೇರೆ ಬೇರೆ ವಿದ್ಯೆಯವರು ಕೂಡಿ ಕುಳಿತರೆ ಎಂಥ ಕಗ್ಗಂಟೂ ಬಿಡಿಸಿಹೋಗುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅಂಥದೊಂದು ಸಮಿತಿಗೆ ನಾನು ಗುಮಾಸ್ತನಾಗಿದ್ದೆ.

ಮೂವತ್ತರ ದಶಕದ ಮಾತು. ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿದ್ದ ಕೆರೆಯ ಏರಿ, ನೀರು ತುಂಬಿದಾಗಲೆಲ್ಲ ಒಂದು ಕಡೆ ಒಸರುತ್ತಿತ್ತು. ಕಾರಣ ಹುಡುಕಲು ಬೇಸಿಗೆಯಲ್ಲಿ ಮೂವರು ಬಂದಿಳಿದರು: ಶಾಸನ ಓದುವ ಪಂಡಿತರು, ಒಬ್ಬ ಇಂಜಿನಿಯರು, ಮಣ್ಣಿನ ಪರೀಕ್ಷೆ ಮಾಡುವವರೊಬ್ಬರು. ಕೂಡಿ ವಿಚಾರ ಮಾಡಬೇಕೆಂದು ಮೇಲಿನವರ ಅಪ್ಪಣೆ. ಕೂಡುವುದು ಎಲ್ಲಿ ಬಂತು! ಛತ್ರದಲ್ಲಿ ಮೂರು ಒಲೆ ಹೂಡಿದರು. ಪಂಡಿತರಿಗೆ ಮಡಿ, ಇಂಜಿನಿಯರಿಗೆ ಗಡಿಯಾರ ನೋಡಿ ಊಟ, ಮಣ್ಣಿನವರಿಗೆ ಇಬ್ಬರ ಮುಖವೂ ಆಗದು. ಸಭೆಯಲ್ಲಿ ಒಬ್ಬರು ಮಾತಾಡಿದರೆ ಉಳಿದಿಬ್ಬರು ಆಕಳಿಸುತ್ತಿದ್ದರು. ನಾನು 'ದೀರ್ಘವಾಗಿ ಚರ್ಚಿಸಲಾಯಿತು' ಎಂದು ಬರೆಯುತ್ತಿದ್ದೆ.

ಏರಿಯ ಮೇಲೆ ಶಾಸನದ ಕಲ್ಲೊಂದು ಅರ್ಧ ಹೂತಿತ್ತು. ಅದರ ಬುಡ ಅಗೆದುಕೊಟ್ಟವನು ನೀರುಗಂಟಿ. ಗದ್ದೆಗಳಿಗೆ ನೀರು ಬಿಡುವ ಕೆಲಸ ಅವನದು. ಅವನ ಮನೆ, ಗದ್ದೆ ಎರಡೂ ಏರಿಯ ಕೆಳಗೇ.

"ಏನ್ ಬರ್ದೈತೆ ಸ್ವಾಮಿ?" ಎಂದು ಕೇಳಿದ.

"ನಿನಗ್ಯಾಕಯ್ಯ ಅದೆಲ್ಲ? ಅಗಿ," ಎಂದರು ಪಂಡಿತರು.

ಅರಸರ ಬಿರುದುಗಳು ಮುಗಿದ ಕೂಡಲೇ ಪಂಡಿತರ ಉತ್ಸಾಹವೂ ಮುಗಿಯಿತು. ಕೆಳಗಿನ ಸಾಲುಗಳ ನಕಲು ನನ್ನ ಪಾಲಿಗೆ ಬಂತು. ಹಿಂದೆ ಅವರ ಕೈಕೆಳಗಿದ್ದಾಗ ಹಳೆಯ ಲಿಪಿ ಕಲಿತಿದ್ದೆ, ಕೂಡಿಸಿಕೊಂಡು ಓದಿದೆ. ಕಲ್ಲಿನಿಂದ ಬಡಗಲಿಗೆ ಹತ್ತು ಮಾರು ದೂರದಲ್ಲಿ, ಕೆರೆಯ ನೀರು ಹೊರಬಿಡುತ್ತಿದ್ದ ಹಳೆಯ ತೂಬೊಂದನ್ನು ಮುಚ್ಚಿ ಅದರ ಮೇಲೇ ಏರಿ ಕಟ್ಟಿದ ಸಂಗತಿ ಅಲ್ಲಿತ್ತು. ನೀರು ಒಸರುತ್ತಿದ್ದದ್ದೂ ಸರಿಯಾಗಿ ಅಲ್ಲೇ.

ಓಡಿಹೋಗಿ ಪಂಡಿತರಿಗೆ ಹೇಳಿದೆ. "ತೂಬಿನ ವಿಷಯ ಚರಿತ್ರೆಯಲ್ಲ ಕಣಯ್ಯ, ಇಂಜಿನಿಯರಿಗೆ ಹೇಳು," ಎಂದರು. ಇಂಜಿನಿಯರು, "ಕಲ್ಲಿನ ಮೇಲಿರೋದು ಪಂಡಿತರ ವಿಷಯ, ಅವರೇ ಬರೆದು ಕೊಡಲಿ," ಎಂದರು. ಬರೆದುಕೊಟ್ಟರೆ ಪಂಡಿತರ ಮಾನ ಹೋಗುತ್ತಿತ್ತು, ಬಾಯಿಬಿಟ್ಟು ಕೇಳಿದರೆ ಇಂಜಿನಿಯರದು. ಮಣ್ಣಿನವರು ಆಗಲೇ ಮೂರು ಸೀಸೆ ಮಣ್ಣು ತುಂಬಿಕೊಂಡು ಬಾಣಾವರದಲ್ಲಿ ರೈಲು ಹತ್ತಿದ್ದರು. ವರದಿ ಸೊಗಸಾಗಿ ಬಂತು. ತೂಬಿನ ಸುದ್ದಿ ಮಾತ್ರ ಇರಲಿಲ್ಲ. ನಾನು ಮನಸ್ಸಿನಲ್ಲೇ ಎಲ್ಲರನ್ನೂ ಬೈದುಕೊಂಡು, ನನ್ನ ಕರ್ತವ್ಯ ಮುಗಿಯಿತೆಂದು ಸುಮ್ಮನಾದೆ.

ಆ ವರ್ಷದ ಮಳೆಗೆ ಏರಿ ಅಲ್ಲೇ ಒಡೆಯಿತು. ನೀರುಗಂಟಿಯ ಮನೆ ಕೊಚ್ಚಿಹೋಯಿತು, ಗದ್ದೆಯ ತುಂಬ ಮರಳು ನಿಂತಿತು. ಹೆಂಡತಿ ಮಕ್ಕಳು ತವರಿಗೆ ಹೋಗಿದ್ದರು, ಅವನು ಏರಿಯ ಆಚೆ ತುದಿಯಲ್ಲಿ ಕಾವಲಿದ್ದ; ಹಾಗಾಗಿ ಎಲ್ಲರ ಜೀವ ಉಳಿಯಿತು. ನೋಡಲು ಹೋದವನು ಸುಮ್ಮನಿರಬಾರದೇ? ವಿದ್ವಾಂಸರ ಮೇಲಿನ ಸಿಟ್ಟಿಗೆ, ನಾನು ಕಲ್ಲಿನಲ್ಲಿ ಓದಿದ್ದನ್ನೂ ಅವರಿಬ್ಬರು ಆಡಿದ್ದನ್ನೂ ಅವನ ಮುಂದೆ ಒದರಿದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ನಂಗೊಂದ್ ಮಾತು ಹೇಳ್ಬೋದಿತ್ತಲ್ಲ ಸ್ವಾಮಿ," ಎಂದ. "ಬ್ಯಾಸಗೇಲಿ ಕೆರೆ ಬತ್ತಿತ್ತು. ನಾಲ್ಕ್ ಜನ ಸೇರ್ಕಂಡು ಎರಡ್ ದಿನದಾಗೆ ಜೇಡಿಮಣ್ಣು ತುಂಬಿ ಬಿಗಿ ಮಾಡ್ತಿದ್ವಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ಅವನು ಸಮಿತಿಯವನಲ್ಲ ಎಂದು ನಾನೂ ಎಣಿಸಿದ್ದೆ.