ಜಡೆ ನೆಟ್ಟಗೆ ಬಂದ ದಿನ

ತಿ. ನರಸೀಪುರದ ಬಸ್ ನಿಲ್ದಾಣದ ಹತ್ತಿರ ಒಂದು ಹಳೆಯ ಸ್ಟುಡಿಯೊ ಇದೆ. ನಾಲ್ಕು ವರ್ಷದ ಹಿಂದೆ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಲು ಅಲ್ಲಿಗೆ ಹೋಗಿದ್ದೆ. ಸ್ಟುಡಿಯೊದ ಯಜಮಾನರಿಗೆ ಆಗಲೇ ಎಪ್ಪತ್ತು ದಾಟಿತ್ತು. ಒಳಗೋಡೆಯ ತುಂಬ ಅವರೇ ತೆಗೆದ ಚಿತ್ರಗಳು. ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ನಿದ್ದೆಹೋದ ದರ್ಜಿ, ಹೊಳೆಯ ಮೆಟ್ಟಿಲ ಮೇಲೆ ಸೀರೆಯ ಎರಡು ತುದಿ ಹಿಡಿದು ಹಿಂಡುತ್ತಿರುವ ಅತ್ತೆ ಸೊಸೆ, ಸೋಸಲೆಗೆ ಹೋಗುವ ಬಸ್ಸಿನ ಕಿಟಕಿಯೊಳಗೆ ಕುಂಬಳಕಾಯಿ ತೂರಿಸುತ್ತಿರುವ ರೈತ. ಯಾರೊಬ್ಬರೂ ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. "ಗಲ್ಲ ಸ್ವಲ್ಪ ಮೇಲೆತ್ತಿ" ಎಂದು ಅವರು ಎರಡು ಸಲ ಹೇಳಿದರೂ ನನಗೆ ಕೇಳಿಸಲಿಲ್ಲ.

ಅಂದಿನಿಂದ ಅವರ ಹಾಗೆಯೇ ಫೋಟೊ ತೆಗೆಯಬೇಕೆಂಬ ಹುಚ್ಚು ಹಿಡಿಯಿತು. ನಾನು ನಂಜನಗೂಡಿನವಳು, ದೇವನೂರಿನ ಶಾಲೆಯಲ್ಲಿ ಟೀಚರು. ಅಣ್ಣ ಬಳಸಿ ಬಿಟ್ಟಿದ್ದ ಕ್ಯಾಮೆರಾ ಹಿಡಿದು ಭಾನುವಾರಗಳಂದು ಅವರು ನಿಂತ ಜಾಗಗಳನ್ನೇ ಹುಡುಕಿಕೊಂಡು ಹೋದೆ. ಅದೇ ಮೆಟ್ಟಿಲು, ಅದೇ ಬಸ್ಸು, ಅದೇ ಬೆಳಗಿನ ಬೆಳಕು. ಆರು ತಿಂಗಳಾದ ಮೇಲೆ ಇಪ್ಪತ್ತು ಫೋಟೊ ಪ್ರಿಂಟ್ ಹಾಕಿಸಿ ಅವರ ಮುಂದಿಟ್ಟೆ.

ಅವರು ಒಂದೊಂದನ್ನೂ ನಿಧಾನವಾಗಿ ನೋಡಿದರು. ಒಬ್ಬ ಹೂವಿನಾಕೆಯ ಫೋಟೊ ಎತ್ತಿಕೊಂಡು, "ಇವರ ಮನೆ ಎಲ್ಲಿ, ಟೀಚರಮ್ಮ?" ಎಂದರು.

"ಗೊತ್ತಿಲ್ಲ, ಸಾರ್."

"ಮಾತಾಡ್ಸಿದ್ರಾ?"

"ಇಲ್ಲ."

"ನಾನು ನಿಂತಿದ್ದ ಜಾಗದಲ್ಲೇ ನಿಂತ್ಕೊಂಡಿದ್ದೀರಿ, ಸರಿ. ಆದ್ರೆ ನಾನು ಅಲ್ಲಿ ಕೂತೂ ಇದ್ದೆ ಕಣಮ್ಮ. ಆ ದರ್ಜಿ ನನ್ನೆದುರಿಗೆ ನಿದ್ದೆ ಮಾಡ್ಬೇಕಾದ್ರೆ ಎಷ್ಟು ದಿವಸ ಅವನ ಜೊತೆ ಟೀ ಕುಡಿದಿದ್ದೀನಿ ಗೊತ್ತಾ?"

ಫೋಟೊಗಳನ್ನು ಎತ್ತಿಕೊಂಡು ಊರಿಗೆ ಮರಳಿದೆ. ಆದರೂ ಬುದ್ಧಿ ಬರಲಿಲ್ಲ. ದೇವನೂರಿನಲ್ಲಿ ಬಸ್ ಇಳಿದು ಶಾಲೆಗೆ ನಡೆಯುವ ದಾರಿಯಲ್ಲಿ ಒಂದು ಹೆಂಚಿನ ಮನೆ. ಒಂದು ಬೆಳಿಗ್ಗೆ ಅದರ ಜಗಲಿಯ ಮೇಲೆ ಐವತ್ತು ದಾಟಿದ ಗಂಡಸೊಬ್ಬರು ಹೆಂಡತಿಗೆ ಜಡೆ ಹಾಕುತ್ತಿದ್ದರು. ಆಕೆಯ ಬಲಗೈಗೆ ಬಿಳೀ ಕಟ್ಟು ಹಾಕಿತ್ತು. ನಾನು ಬೇಲಿಯ ಆಚೆ ನಿಂತು ಥಟ್ಟನೆ ಕ್ಲಿಕ್ಕಿಸಿದೆ. ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಗಂಡ ಬಾಚಣಿಗೆ ಹಿಡಿದೇ ಎದ್ದು ನಿಂತರು.

"ಯಾಕೆ ಇಡುದ್ರಿ ಫೋಟೋವ? ನಗಾಡಕ್ಕಾ?"

ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನನಗೆ ನೆಲ ನೋಡುವಂತಾಯಿತು. ಜಗಲಿಯ ಹತ್ತಿರ ಹೋಗಿ, "ತಪ್ಪಾಯ್ತು, ಕೇಳಬೇಕಿತ್ತು" ಎಂದು ಅವರ ಕಣ್ಣೆದುರೇ ಅದನ್ನು ಅಳಿಸಿದೆ.

ಆಮೇಲೆ ಆಕೆಯೇ ಸೆರಗು ಸರಿಸಿ, "ಇಸ್ಕೂಲ್ ಟೀಚರಮ್ಮ ಅಲ್ವಾ? ದಿನಾ ಇಂಗೇ ಓಯ್ತೀರಿ, ಒಂದಿನಾನೂ ಮಾತಾಡ್ಸಿಲ್ಲ. ಕೂತ್ಕಳಿ, ಕಾಪಿ ಕುಡ್ಕಂಡೋಗಿ" ಎಂದರು.

ನಿಜ. ಮೂರು ವರ್ಷ ಅದೇ ದಾರಿಯಲ್ಲಿ ನಡೆದಿದ್ದೆ.

ಮಾರನೆಯ ದಿನದಿಂದ ಒಂದು ಬಸ್ ಮುಂಚೆ ಬಂದು ಅವರ ಜಗಲಿಯಲ್ಲಿ ಕೂರತೊಡಗಿದೆ. ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಕೈ ಮುರಿದದ್ದನ್ನು ಆಕೆ ಹೇಳಿದರು. ಗಂಡ ಕೂಲಿಗೆ ಹೊರಡುವ ಮೊದಲು ಅಡುಗೆ ಮಾಡಿ, ಹೆಂಡತಿಯ ತಲೆ ಬಾಚಿ ಹೋಗುತ್ತಿದ್ದರು.

"ಅಗ್ಗ ಒಸ್ಯೋ ಅಂಗೆ ಎಳೀತಾವ್ರೆ ನೋಡಿ, ಟೀಚರಮ್ಮ!" ಎಂದು ಆಕೆ ದೂರುವರು.

"ಸುಮ್ಕಿರಮ್ಮಿ, ಎಳೆ ತಪ್ಪೋಯ್ತದೆ" ಎಂದು ಗಂಡ ಗದರುವರು.

ಕ್ಯಾಮೆರಾ ಚೀಲದಲ್ಲೇ ಇತ್ತು. ಹತ್ತು ಹನ್ನೆರಡು ದಿನ ಕಳೆದಿರಬೇಕು, ಗಂಡನೇ ಕೂಗಿದರು: "ಇವತ್ತು ಇಡೀರಿ, ಟೀಚರಮ್ಮ. ಜಡೆ ನೆಟ್ಟಗೆ ಬಂದದೆ!"

ತೆಗೆದೆ. ಜಡೆಯ ತುದಿಗೆ ಕಟ್ಟುವ ಟೇಪನ್ನು ಬಾಯಲ್ಲಿ ಕಚ್ಚಿಕೊಂಡು, ಪರೀಕ್ಷೆ ಬರೆಯುವವರಂತೆ ಹುಬ್ಬು ಗಂಟಿಕ್ಕಿದ ಗಂಡ. ಕಣ್ಣು ಮುಚ್ಚಿ ನಗುತ್ತಿರುವ ಹೆಂಡತಿ. ನನ್ನನ್ನು ಕರೆದದ್ದನ್ನೂ, ನಾನು ಅಲ್ಲಿರುವುದನ್ನೂ ಇಬ್ಬರೂ ಆಗಲೇ ಮರೆತಿದ್ದರು.

ಮೊದಲ ಪ್ರಿಂಟು ಅವರಿಗೇ ಕೊಟ್ಟೆ. ಒಳಗೆ ಬುದ್ಧನ ಪಟದ ಪಕ್ಕ ಮೊಳೆ ಹೊಡೆದು ತೂಗುಹಾಕಿದರು. ಇನ್ನೊಂದನ್ನು ನರಸೀಪುರಕ್ಕೆ ಒಯ್ದೆ. ಯಜಮಾನರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಇದರಲ್ಲಿ ನಾನಿಲ್ಲ" ಎಂದರು. ನನಗೆ ಗಾಬರಿ. ಅವರು ನಕ್ಕರು. "ಒಳ್ಳೇದಾಯ್ತು ಬಿಡಿ. ಇದು ನಿಮ್ಮದು."

ಅವರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದೆ, ಎರಡು ಟೀ ತರಿಸಿ ಎದುರಿಗೆ ಕುಳಿತೆ. ಅವರ ಕೈಚಳಕ ನನಗೆ ಇವತ್ತಿಗೂ ಬಂದಿಲ್ಲ. ಅದರ ಕೊರಗೂ ಇಲ್ಲ. ಅವರನ್ನು ಅನುಕರಿಸಲು ಹೋಗಿ ನನಗೊಂದು ಜಗಲಿ ಸಿಕ್ಕಿತು, ದಿನಾ "ಊಟ ಆಯ್ತಾ?" ಎಂದು ಕೇಳುವ ಇಬ್ಬರು ಸಿಕ್ಕಿದರು.

ಕೈ ವಾಸಿಯಾಗಿ ಈಗ ಬಹಳ ದಿನವಾಯಿತು. ಆಕೆ ಮತ್ತೆ ಗದ್ದೆಗೆ ಹೋಗುತ್ತಾರೆ. ಜಡೆ ಮಾತ್ರ ಇವತ್ತಿಗೂ ಗಂಡನೇ ಹಾಕಬೇಕು.