ಮೂವರು ಜೇಮ್ಸ್‌ಗಳಲ್ಲಿ ಜೀನ್‌ರ ಮುತ್ತಾತ ಯಾರು?

ಮಿಲ್ಪಿಟಾಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಜೀನ್‌ಗೆ ಹೋದ ತಿಂಗಳು ಹಳೆಯ ದಾಖಲೆಗಳಲ್ಲಿ ಒಟ್ಟಿಗೇ ಮೂವರು ಮುತ್ತಾತಂದಿರು ಸಿಕ್ಕರು. ಮೂವರೂ ಜೇಮ್ಸ್. ಸರ್‌ನೇಮೂ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಅಸಲಿ ಯಾರು?

ಜೀನ್‌ಗೆ ಎಂಬತ್ತು ದಾಟಿದೆ. ಸ್ಕಾಟ್‌ಲೆಂಡಿಗೆ ಟಿಕೆಟ್ ಬುಕ್ ಆಗಿದೆ. "ಇದೇ ಕೊನೆಯ ಟ್ರಿಪ್. ಮುತ್ತಾತ ಹುಟ್ಟಿದ ಊರಲ್ಲಿ ಒಂದು ಸಲ ನಿಂತು ಬರಬೇಕು" ಎನ್ನುತ್ತಾರೆ. ಆ ಊರು ಯಾವುದೆಂದೇ ಗೊತ್ತಿಲ್ಲ!

ಈ ಜೇಮ್ಸ್ ಕಂಡವರ ಹೊಲ ಉಳುತ್ತಿದ್ದ ಆಳು. ಕರಾರು ಮುಗಿದರೆ ಹೆಂಡತಿ ಮಕ್ಕಳು, ಪಾತ್ರೆ ಪಡಗಗಳ ಸಮೇತ ಮುಂದಿನ ಜಮೀನಿಗೆ. ಹಾಗಾಗಿ ಹಳೆಯ ಸೆನ್ಸಸ್ಸಿನಲ್ಲಿ ಪ್ರತಿ ಸಲವೂ ಬೇರೆ ವಿಳಾಸ. (ಲೀಸು ಮುಗಿದಾಗಲೆಲ್ಲ ಅಪಾರ್ಟ್‌ಮೆಂಟ್ ಬದಲಿಸಿದ ನಮಗೆ ಇದೇನು ಹೊಸದೇ?) ಬರೆದುಕೊಂಡವರು ಹುಟ್ಟಿದ ಊರನ್ನೂ ಒಂದೊಂದು ಸಲ ಒಂದೊಂದು ಬರೆದಿಟ್ಟಿದ್ದಾರೆ. ಇನ್ನೂ ಹಿಂದಿನ, ಅವನು ಹುಡುಗನಾಗಿದ್ದ ಕಾಲದ ಸೆನ್ಸಸ್ ತೆಗೆದರೆ ಮೂರು ಹಳ್ಳಿ, ಮೂರು ಮನೆ, ಮನೆಗೊಬ್ಬ ಪುಟ್ಟ ಜೇಮ್ಸ್.

ನಾನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಜೇಮ್ಸ್‌ನ ಹಿರಿಮಗನ ಹೆಸರೇನು?"

ಅಲೆಕ್ಸಾಂಡರ್ ಅಂತೆ. ಹಾಗಾದರೆ ಜೇಮ್ಸ್‌ನ ಅಪ್ಪನೂ ಅಲೆಕ್ಸಾಂಡರ್ ಎಂದು ತೀರ್ಪು ಕೊಟ್ಟೆ. ಕಾಫಿ ಕುಡಿಯುತ್ತಿದ್ದ ನನ್ನ ಗಂಡನಿಗೆ (ಎಂಜಿನಿಯರು, ಕೇಳಬೇಕೇ?) ತಡೆಯಲಿಲ್ಲ.

"ಡೇಟಾ ಇಲ್ದೆ ಗೆಸ್ ಮಾಡ್ಬೇಡ ಕಣೆ."

"ನಿಮ್ಮಣ್ಣಂಗೆ ಯಾರ ಹೆಸ್ರು ರೀ ಇಟ್ಟಿದ್ದು?"

"ನಮ್ ತಾತಂದು."

"ಇನ್ನೇನ್ ಡೇಟಾ ಬೇಕು?"

ನಮ್ಮ ಮಂಡ್ಯ ಕಡೆ ಹಿರಿಮಗನಿಗೆ ತಾತನ ಹೆಸರಿಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ತಮ್ಮ ಕಡೆಯೂ ಹಿಂದೆ ಹಾಗೇ ಇತ್ತೆಂದು ಜೀನ್‌ಗೆ ಆಗ ನೆನಪಾಯಿತು. ಮೂರು ಮನೆಗಳಲ್ಲಿ ಎರಡರ ಯಜಮಾನ ಅಲೆಕ್ಸಾಂಡರ್. ಒಂದು ಮನೆ ಬಿದ್ದುಹೋಯಿತು, ಎರಡು ಉಳಿದವು.

ಈಗೇನು? ಹೆಣ್ಣುಮಕ್ಕಳನ್ನು ನೋಡಿ ಎಂದೆ. ಜೇಮ್ಸ್‌ಗೆ ಇಬ್ಬರು ಹೆಣ್ಣುಮಕ್ಕಳು, ಆ್ಯನ್ ಮತ್ತು ಇಸೊಬೆಲ್. ಆ್ಯನ್ ಎಂಬುದು ಹೆಂಡತಿಯ ತಾಯಿಯ ಹೆಸರು, ಅದು ಜೀನ್‌ಗೆ ಗೊತ್ತಿತ್ತು. ಅಂದಮೇಲೆ ಇಸೊಬೆಲ್ ಗಂಡನ ತಾಯಿಯದೇ ಇರಬೇಕಲ್ಲ? ಉಳಿದ ಎರಡು ಮನೆಗಳಲ್ಲಿ ಒಂದರ ಯಜಮಾನಿ ಇಸೊಬೆಲ್!

ಗಂಡ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡರು.

ಈ ವಾರ ಜೀನ್ ಓಡಿಬಂದರು (ಆ ವಯಸ್ಸಿಗೆ ಅದು ಓಟವೇ). ಆ ಇಸೊಬೆಲ್ ಇದ್ದ ಹಳ್ಳಿಯ ಮರಣದ ದಾಖಲೆಯಲ್ಲೇ ಜೇಮ್ಸ್ ಸಿಕ್ಕಿದ್ದಾನೆ. ಸಾಯುವ ಹೊತ್ತಿಗೆ ತಮ್ಮನ ಮನೆ ಸೇರಿದ್ದನಂತೆ. ಹೆಂಡತಿಯ ಹೆಸರು ಸರಿಯಾಗಿದೆ. ತಾಯಿ ಇಸೊಬೆಲ್, ಅವಳ ತವರಿನ ಮನೆತನದ ಹೆಸರೂ ಇದೆ. ಜೀನ್ ನನ್ನ ಕೈ ಹಿಡಿದುಕೊಂಡು ಅತ್ತರು. ನನಗೆ ಹೆಮ್ಮೆಯೋ ಹೆಮ್ಮೆ.

"ನಿನ್ನ ಕಡೆಯವರ ಹೆಸರು ಹೇಳು" ಎಂದರು. ಅಪ್ಪ, ತಾತ, ಮುತ್ತಾತ, ಅವರಪ್ಪ... ಒಂದೇ ಉಸಿರಿಗೆ ಒಪ್ಪಿಸಿದೆ. ಅವರಿಗೆ ಆಶ್ಚರ್ಯ.

"ಮತ್ತೆ ಮುತ್ತಜ್ಜಿ?"

ಮಂಡ್ಯದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಎಲ್ಲಾರೂ ದೊಡ್ಡವ್ವ ದೊಡ್ಡವ್ವ ಅಂತಿದ್ರು ಕಣವ್ವ. ಹೆಸ್ರು ಯಾರ್ ಕೇಳಿದ್ರು?"

ಕಂಡವರ ಹೊಲದಲ್ಲಿ ದುಡಿದ ಆಳಿನ ತಾಯಿ ತನ್ನ ತವರಿನ ಹೆಸರಿನ ಸಮೇತ ಸಿಕ್ಕಳು. ಸ್ವಂತ ಹೊಲ, ಸ್ವಂತ ಮನೆ ಆಳಿದ ನಮ್ಮ ದೊಡ್ಡವ್ವ ಸಿಗಲಿಲ್ಲ.

ಅಂದಹಾಗೆ, ನಿಮ್ಮ ಮನೆಯ ದೊಡ್ಡವ್ವನ ಹೆಸರೇನು?