ಅವರು ನುಣ್ಣಗೆ ಮಾಡಿದ ನನ್ನ ಗ್ರಾಫ್

ಮೂರು ವರ್ಷದ ಹಿಂದೆ, ನಾನು ಚಾಮರಾಜನಗರದಲ್ಲಿ ಭೌತಶಾಸ್ತ್ರ ಎಂಎಸ್ಸಿಯ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಗ ನಡೆದದ್ದು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಪ್ರಾಜೆಕ್ಟ್ ದೂರದ ಒಂದು ಗ್ಯಾಲಕ್ಸಿಯದು. ಅದರ ನಡುವಿನ ಕಪ್ಪುಕುಳಿಯ ಸುತ್ತಲಿಂದ ಬರುವ ಎಕ್ಸ್‌ರೇ ಒಂದೇ ಗಂಟೆಯೊಳಗೆ ಏರಿ ಇಳಿಯುತ್ತಿತ್ತು. ಬೆಳಕಿಗೂ ದಾಟಲು ಹೊತ್ತು ಬೇಕಲ್ಲ? ಗಂಟೆಯೊಳಗೆ ಒಟ್ಟಾಗಿ ಮಂಕಾಗುವ ಜಾಗ, ಬೆಳಕಿನ ಒಂದು ಗಂಟೆಯ ದಾರಿಗಿಂತ ದೊಡ್ಡದಿರಲಾರದು. ಅಂದರೆ ಆ ಏರಿಳಿತದಿಂದಲೇ ನಾನು ಅದರ ಗಾತ್ರ ಅಳೆಯಬೇಕಿತ್ತು. ಉಪಗ್ರಹದ ಮಾಹಿತಿ ಇಳಿಸಿಕೊಂಡು, ಉಪಕರಣದ ದೋಷ ಯಾವುದು, ನಿಜವಾದ ಏರಿಳಿತ ಯಾವುದು ಎಂದು ಬೇರ್ಪಡಿಸಲು ಎರಡು ತಿಂಗಳು ಹಿಡಿಯಿತು. ನಮ್ಮೂರು ಕುದೇರಿನಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ಮಾಡಿದ ಕೆಲಸ.

ನಮ್ಮ ಲ್ಯಾಬುಗಳಲ್ಲಿ ಒಂದು ರೂಢಿಯಿದೆ. ರೆಕಾರ್ಡ್ ಪುಸ್ತಕದಲ್ಲಿ ಗ್ರಾಫಿನ ಗೆರೆ ನುಣ್ಣಗೆ ಬಂದರೆ ಪೂರ್ತಿ ಅಂಕ. ಬರದಿದ್ದರೆ ಗೆರೆಗೆ ತಕ್ಕಂತೆ ರೀಡಿಂಗನ್ನೇ ತಿದ್ದುವುದು. ಪಿಯುಸಿಯಲ್ಲಿ ನಾನೂ ತಿದ್ದಿದವಳೇ.

ವರದಿಯನ್ನು ಪೆನ್‌ಡ್ರೈವ್‌ನಲ್ಲಿ ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ಬೈಂಡ್ ಮಾಡಿಸಿದ್ದು ಅವರು. ವೈವಾ ದಿನ ಬೆಳಿಗ್ಗೆ ತೆರೆದು ನೋಡಿದರೆ ನನ್ನ ಗ್ರಾಫೇ ಇಲ್ಲ. ಆ ಜಾಗದಲ್ಲಿ ನೆಟ್ಟಗಿನ, ನುಣುಪಾದ ಒಂದು ಗೆರೆ.

"ನಾನೇ ಸರಿ ಮಾಡ್ಬುಟ್ಟೆ ಕಣಮ್ಮಿ," ಎಂದರು, ಉಪಕಾರ ಮಾಡಿದವರಂತೆ. "ಅಷ್ಟು ಅಂಕುಡೊಂಕು ನೋಡುದ್ರೆ ಬಂದೋರು ಏನನ್ಕತ್ತಾರೆ?"

"ಸಾರ್, ಆ ಅಂಕುಡೊಂಕೇ ನನ್ ಪ್ರಾಜೆಕ್ಟು."

"ಇಂಟರ್ನಲ್ ಮಾರ್ಕ್ಸ್ ಕೊಡೋನು ನಾನು. ಸುಮ್ನೆ ಓಗಿ ಇದ್ರಲ್ಲಿರೋದ್ನೇ ಏಳ್ಬುಡು."

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಪುಟ ತಿರುವಿದರು. "ಏರಿಳಿತ ಅಂತ ಬರೆದಿದ್ದೀಯ. ಇಲ್ಲಿ ಏನೂ ಇಲ್ವಲ್ಲಮ್ಮ. ಗಾತ್ರ ಎಲ್ಲಿಂದ ಬಂತು?"

ಪಕ್ಕದಲ್ಲಿ ನಮ್ಮ ಸಾರ್ ಮೇಜು ನೋಡುತ್ತಾ ಕುಳಿತಿದ್ದರು. ಬಾಯಿ ಮುಚ್ಚಿದರೆ ಸುಳ್ಳಿ ನಾನು, ಬಿಟ್ಟರೆ ಅಂಕಕ್ಕೆ ಎಳ್ಳುನೀರು. "ಇದು ನನ್ನ ಗ್ರಾಫ್ ಅಲ್ಲ ಮೇಡಂ," ಎಂದು ಮೊಬೈಲ್‌ನಲ್ಲಿದ್ದ ಅಸಲಿ ಗ್ರಾಫನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ದೋಷ ಹೇಗೆ ಬೇರ್ಪಡಿಸಿದೆ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಉತ್ತರ ಕೊಟ್ಟೆ.

ಅವರು ಕೊಟ್ಟ ಅಂಕ ಚೆನ್ನಾಗಿತ್ತು. ಇಂಟರ್ನಲ್ ಮಾತ್ರ ಪಾಸಿನ ಅಂಚಿಗೆ ಬಂದು ನಿಂತಿತು. ಫಸ್ಟ್ ಕ್ಲಾಸ್ ತಪ್ಪಿತು. ಯಾಕೆಂದು ಕಾಲೇಜಿನಲ್ಲಿ ಒಬ್ಬರೂ ಕೇಳಲಿಲ್ಲ.

ಈಗ ಗುಂಡ್ಲುಪೇಟೆಯಲ್ಲಿ ಪಾಠ ಮಾಡುತ್ತಿದ್ದೇನೆ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಅದೇ ಸಾರ್ ಸಿಕ್ಕರು. ನಗುತ್ತಾ ಬಂದು, "ಈ ವರ್ಸ ಏಳು ಮಕ್ಳು ಕಣಮ್ಮಿ. ಎಲ್ಲಾರ್ದೂ ನಾನೇ ತಿದ್ದಿ ಕೊಟ್ಟೆ, ಎಲ್ಲಾ ಫಸ್ಟ್ ಕ್ಲಾಸು," ಎಂದರು.

ಗುರುವಿಗೆ ನಮಸ್ಕಾರ ಹೇಳದೆ ಬಸ್ ಹತ್ತಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.